ಮ್ಯಾಂಚೆಸ್ಟರ್ ಹತ್ರದ ಬ್ರಿಜ್‌ವಾಟರ್ ಕಾಲುವೆ ನೋಡ್ಲಿಕ್ಕೆ ಹೋಗ್ತಾ ಇದ್ದೇನೆ, ಎಂತ ನೋಡ್ಬೇಕು ಗೊತ್ತಿದ್ದವರು ಹೇಳ್ತೀರಾ?

ಹೊಯ್ಗೆಬಜಾರ್ | ಶುಕ್ರವಾರ ರಾತ್ರಿ

ಎಲ್ರಿಗೂ ನಮಸ್ಕಾರ. ನಮ್ಮ ಅಕ್ಕನ ಮಗ ಸಾಲ್ಫರ್ಡ್‌ನಲ್ಲಿ ಓದ್ತಾ ಇದ್ದಾನೆ, ಬರುವ ತಿಂಗಳು ಅಕ್ಕ ಭಾವನ ಒಟ್ಟಿಗೆ ನಾನೂ ಹೋಗ್ಲಿಕ್ಕುಂಟು, ಹತ್ತು ದಿವಸ. ಮನೆಯವರೆಲ್ಲ ಲಂಡನ್, ಫುಟ್‌ಬಾಲ್ ಸ್ಟೇಡಿಯಂ ಅಂತ ಪಟ್ಟಿ ಮಾಡ್ತಾ ಇದ್ದಾರೆ, ನನಗೆ ಮಾತ್ರ ಹುಡುಗ ವಾಟ್ಸಾಪಲ್ಲಿ ಕಳಿಸಿದ ಒಂದು ಫೋಟೋ ತಲೆಯಿಂದ ಹೋಗ್ತಾ ಇಲ್ಲ. ವರ್ಸ್ಲಿ ಅಂತ ಊರಂತೆ, ಅವನ ರೂಮಿಂದ ಬಸ್ಸಲ್ಲಿ ಹೋಗುವಷ್ಟೇ ದೂರ. ಕಲ್ಲಿನ ಬರೆಯ ಬುಡದಲ್ಲಿ ಗುಹೆಯ ಬಾಯಿ, ಒಳಗಿಂದ ನೀರು ಬಂದು ಕಾಲುವೆಗೆ ಸೇರ್ತದೆ, ನೀರಿನ ಬಣ್ಣ ನಮ್ಮ ಹಂಚಿನ ಬಣ್ಣ. "ಮಾವ, ಇದರೊಳಗೆ ದೋಣಿ ಹೋಗ್ತಾ ಇತ್ತಂತೆ" ಅಂತ ಬರ್ದಿದ್ದ.

ನಾನು ಇಂಜಿನಿಯರ್ ಅಲ್ಲ, ಅಂಗಡಿ ಇಟ್ಟವ. ಆದ್ರೆ ಅಮ್ಮನ ಅಪ್ಪ ಗುರುಪುರ ಹೊಳೆಕರೆಯಿಂದ ಹಂಚಿನ ಕಾರ್ಖಾನೆಗೆ ದೋಣಿಯಲ್ಲಿ ಆವೆ ಮಣ್ಣು ತರ್ತಾ ಇದ್ದವರು. ಭರತದಲ್ಲಿ ಮೇಲೆ ಹೋಗುದು, ಮಣ್ಣು ತುಂಬಿಸಿ ಇಳಿತದಲ್ಲಿ ಕೆಳಗೆ ಬರುದು, ನಡುವೆ ಬಿದಿರಿನ ಗಳ ಊರುದು. ನಾನು ಸಣ್ಣವ ಇರುವಾಗ ಅವರ ಅಂಗೈ ಮುಟ್ಟಿ ನೋಡಿದ್ದು ನೆನಪುಂಟು, ಮರದ ತೊಗಟೆಯ ಹಾಗೆ. ನಮ್ಮವರಿಗೆ ಹೊಳೆ ಇತ್ತು, ಭರತ ಇಳಿತ ಇತ್ತು, ದೇವರು ಕೊಟ್ಟದ್ದು. ಈ ಜನ ಹೊಳೆಯನ್ನೇ ಗುದ್ದಲಿಯಲ್ಲಿ ಮಾಡಿದ್ದಾರೆ, ಅದೂ 1761ರಲ್ಲಿ, ಈಗಿನ ಸಿಮೆಂಟ್ ಇಲ್ಲದ ಕಾಲದಲ್ಲಿ. ಒಂದು ನದಿಯ ಮೇಲಿಂದ ಸೇತುವೆ ಕಟ್ಟಿ, ಅದರ ಮೇಲೆ ನೀರು ತುಂಬಿಸಿ, ಆ ನೀರಲ್ಲಿ ದೋಣಿ ಬಿಟ್ಟಿದ್ದಾರಂತೆ, ಅದು ಸೋರದೆ ಹೇಗೆ ನಿಂತಿತು ಮಾರಾಯ್ರೆ? ಗುಹೆಯೊಳಗೆ ದೋಣಿ ಎಂತಕ್ಕೆ? ನೀರು ಕೆಂಪು ಯಾಕೆ? ಸುಮ್ನೆ ಹೋಗಿ ಫೋಟೋ ತೆಗ್ದು ಬರ್ಲಿಕ್ಕೆ ಮನಸ್ಸಿಲ್ಲ, ಎಂತ ನೋಡ್ತಾ ಇದ್ದೇನೆ ಅಂತ ಗೊತ್ತಿದ್ದು ನೋಡ್ಬೇಕು ಅಂತ ಆಸೆ.

ಮಣಿಪಾಲ_ಸಿವಿಲ್ | ಶನಿವಾರ ಬೆಳಿಗ್ಗೆ

ಅಣ್ಣ, ನಾನು ಮ್ಯಾಂಚೆಸ್ಟರ್‌ನಲ್ಲಿ ಮೂರು ವರ್ಷ ಕೆಲಸದಲ್ಲಿದ್ದೆ, ಆದಿತ್ಯವಾರ ಬಂತಂದ್ರೆ ಈ ಕಾಲುವೆ ದಡದಲ್ಲೇ ನಡೀತಾ ಇದ್ದದ್ದು. ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಲ್ಲಿ ಓದಿ.

ಫ್ರಾನ್ಸಿಸ್ ಎಗರ್ಟನ್ ಅಂತ, ಬ್ರಿಜ್‌ವಾಟರ್‌ನ ಮೂರನೇ ಡ್ಯೂಕ್, ವರ್ಸ್ಲಿಯಲ್ಲಿ ಅವನಿಗೆ ಕಲ್ಲಿದ್ದಲು ಗಣಿ ಇತ್ತು. ಕಲ್ಲಿದ್ದಲು ಬೇಕಾದದ್ದು ಮ್ಯಾಂಚೆಸ್ಟರ್‌ಗೆ, ದೂರ ಹತ್ತು ಮೈಲಿಯ ಒಳಗೆ, ಆದ್ರೆ ಆಗಿನ ರಸ್ತೆ ಅಂದ್ರೆ ನಮ್ಮಲ್ಲಿ ಜುಲೈ ತಿಂಗಳ ಗದ್ದೆ ದಾರಿ ಇದ್ದ ಹಾಗೆ. ಕುದುರೆ ಬೆನ್ನಿಗೆ ಹೇರಿ ತರ್ಬೇಕು, ಒಂದು ಕುದುರೆ ಒಂದೂಕಾಲು ಕ್ವಿಂಟಾಲ್ ಹೊತ್ರೆ ಹೆಚ್ಚು. ಅದೇ ಕುದುರೆ ದಡದಲ್ಲಿ ನಡೆದು ಹಗ್ಗ ಕಟ್ಟಿ ದೋಣಿ ಎಳೆದ್ರೆ 30 ಟನ್ ಬರ್ತದೆ. ಇಡೀ ಕಾಲುವೆಯ ಲೆಕ್ಕಾಚಾರ ಈ ಒಂದು ಕುದುರೆಯ ಲೆಕ್ಕ.

ಡ್ಯೂಕ್ ಚಿಕ್ಕ ಪ್ರಾಯದಲ್ಲಿ ಯುರೋಪ್ ತಿರುಗುವಾಗ ಫ್ರಾನ್ಸಿನ ಕನಾಲ್ ದು ಮಿದಿ ಅನ್ನುವ ಕಾಲುವೆ ನೋಡಿ ಬಂದಿದ್ದ. 1759ರಲ್ಲಿ ಪಾರ್ಲಿಮೆಂಟಿಂದ ಕಾಯ್ದೆ ಮಾಡಿಸಿದ. ಅವನ ಆಸ್ತಿ ನೋಡಿಕೊಳ್ತಾ ಇದ್ದ ಜಾನ್ ಗಿಲ್ಬರ್ಟ್ ಒಬ್ಬ, ಮತ್ತೆ ಇಂಜಿನಿಯರ್ ಜೇಮ್ಸ್ ಬ್ರಿಂಡ್ಲಿ. ಬ್ರಿಂಡ್ಲಿ ಮೊದಲು ನೀರಿನ ಚಕ್ರದ ಗಿರಣಿಗಳ ಕೆಲಸ ಮಾಡ್ತಾ ಇದ್ದವ, ಬರಹ ಅಷ್ಟಕ್ಕಷ್ಟೆ, ಲೆಕ್ಕ ಎಲ್ಲ ತಲೆಯಲ್ಲಿ, ತೀರಾ ಕಷ್ಟದ ಸಮಸ್ಯೆ ಬಂದ್ರೆ ಒಂದೆರಡು ದಿವಸ ಹಾಸಿಗೆಯಲ್ಲಿ ಮಲ್ಕೊಂಡೇ ಯೋಚನೆ ಮಾಡಿ, ಎದ್ದು ಬಂದು ಕೆಲಸ ಸುರು ಮಾಡ್ತಿದ್ದ ಅಂತ ಹೇಳ್ತಾರೆ. ಪುಸ್ತಕಗಳಲ್ಲಿ ಬ್ರಿಂಡ್ಲಿ ಹೆಸರೇ ದೊಡ್ಡದಾಗಿ ಇರ್ತದೆ, ಗಿಲ್ಬರ್ಟ್‌ನದ್ದು ಮೂಲೆಯಲ್ಲಿ. ನನ್ನ ಪ್ರಕಾರ ಅದು ಸರಿಯಲ್ಲ, ಗಣಿಯ ನೀರನ್ನೇ ಕಾಲುವೆಗೆ ತಿರುಗಿಸುವ ವಿಚಾರದಲ್ಲಿ ಅವನ ಪಾಲು ದೊಡ್ಡದುಂಟು.

ದಾರಿಯಲ್ಲಿ ಇರ್ವೆಲ್ ನದಿ ಅಡ್ಡ. ನದಿಗೆ ಇಳಿದು ಆಚೆ ಹತ್ತುದಾದ್ರೆ ಲಾಕ್ ಕಟ್ಬೇಕು, ಅಂದ್ರೆ ಗೇಟು ಹಾಕಿದ ಮೆಟ್ಟಿಲು, ಪ್ರತೀ ದೋಣಿಗೂ ಮೇಲಿನ ನೀರು ಕೆಳಗೆ ಬಿಡ್ಬೇಕು, ನೀರೂ ಖರ್ಚು ಹೊತ್ತೂ ಖರ್ಚು. 1760ರಲ್ಲಿ ದಾರಿ ಬದಲಿಸಿ ಇನ್ನೊಂದು ಕಾಯ್ದೆ ಮಾಡಿಸಿ, ನದಿಗೆ ಇಳಿಯುದೇ ಬೇಡ ಅಂತ ತೀರ್ಮಾನ ಮಾಡಿದ್ರು. ಬಾರ್ಟನ್ ಅಂತಲ್ಲಿ ನದಿಯಿಂದ ಸುಮಾರು 12 ಮೀಟರ್ ಎತ್ತರಕ್ಕೆ ಮೂರು ಕಮಾನಿನ ಕಲ್ಲಿನ ಮೇಲ್ಗಾಲುವೆ, ಅಂದ್ರೆ ನೀವು ಹೇಳಿದ ನೀರು ತುಂಬಿದ ಸೇತುವೆ, ಉದ್ದ ಸುಮಾರು 180 ಮೀಟರ್. 1761 ಜುಲೈ 17ಕ್ಕೆ ಮೊದಲ ದೋಣಿ ದಾಟಿತು. ಕೆಳಗೆ ನದಿಯಲ್ಲಿ ಒಂದು ದೋಣಿ ಹೋಗ್ತಾ ಉಂಟು, ತಲೆ ಮೇಲೆ ಇನ್ನೊಂದು ದೋಣಿ ಹೋಗ್ತಾ ಉಂಟು, ಆ ಕಾಲದ ಜನರಿಗೆ ಹೇಗಾಗಿರ್ಬೇಕು ಯೋಚನೆ ಮಾಡಿ.

ಈಗ ನಿಮ್ಮ ಪ್ರಶ್ನೆ, ಸೋರದೆ ಹೇಗೆ ನಿಂತಿತು. ಉತ್ತರ ನಿಮ್ಮ ಅಜ್ಜನ ದೋಣಿಯಲ್ಲೇ ಉಂಟು ಅಣ್ಣ. ಜೇಡಿ ಮಣ್ಣು. ಜೇಡಿ ಮಣ್ಣಿಗೆ ಸ್ವಲ್ಪ ಮರಳು, ನೀರು ಸೇರಿಸಿ ಗುದ್ದಲಿಯಲ್ಲಿ ಕಡಿದು ಕಡಿದು, ಕಾಲಲ್ಲಿ ತುಳಿದು ತುಳಿದು ಹದ ಮಾಡಿ ಕಾಲುವೆಯ ತಳಕ್ಕೂ ಬದಿಗೂ ಪದರ ಪದರ ಹಾಕುದು. ಕೆಲವು ಕಡೆ ದನಗಳನ್ನು ಓಡಿಸಿ ತುಳಿಸ್ತಾ ಇದ್ರು. ಇದಕ್ಕೆ ಪಡ್ಲಿಂಗ್ ಅಂತಾರೆ, ನೇಜಿ ನೆಡ್ಲಿಕ್ಕೆ ಮೊದಲು ಗದ್ದೆ ಉತ್ತು ಕೆಸರು ಮಾಡುದುಂಟಲ್ಲ, ಕೃಷಿ ಕಾಲೇಜಿನ ಪುಸ್ತಕದಲ್ಲಿ ಅದಕ್ಕೂ ಇದೇ ಶಬ್ದ. ಮಣ್ಣಿನ ಕಣಗಳ ನಡುವಿನ ಸಂದು ಮುಚ್ಚಿ ಹೋಗ್ತದೆ, ನೀರು ಇಳೀಲಿಕ್ಕೆ ದಾರಿಯೇ ಇರುದಿಲ್ಲ. ಒಂದೇ ಶರ್ತ, ಅದು ಒಣಗ್ಬಾರ್ದು, ಒಣಗಿದ್ರೆ ಬಿರುಕು ಬಿಟ್ಟು ಎಲ್ಲ ಹೋಯ್ತು. ಬ್ರಿಂಡ್ಲಿ ಪಾರ್ಲಿಮೆಂಟಿನ ಸಮಿತಿ ಎದುರು ಜೇಡಿ ಮಣ್ಣು ತರಿಸಿ, ಅಲ್ಲೇ ಕಲಸಿ ತೊಟ್ಟಿ ಮಾಡಿ ನೀರು ತುಂಬಿಸಿ ತೋರಿಸಿದ ಅಂತ ಒಂದು ಕಥೆ ಉಂಟು.

ಮೇಲ್ಗಾಲುವೆಯಲ್ಲಿ ಇದೇ ಮಣ್ಣು ತೊಂದ್ರೆಯೂ ಕೊಟ್ಟಿತಂತೆ. ಬದಿಗಳಿಗೆ ಹಾಕಿದ ಮಣ್ಣಿನ ಭಾರ ಹೆಚ್ಚಾಗಿ ಒಂದು ಕಮಾನು ಬಾಗ್ಲಿಕ್ಕೆ ಸುರು ಆಯ್ತು, ಗಿಲ್ಬರ್ಟ್ ಆ ಮಣ್ಣು ತೆಗೆಸಿ, ಕಮಾನಿನ ಮೇಲೆ ಹುಲ್ಲು ಹಾಸಿ ಹೊಸ ಹದ ಮಣ್ಣು ಹಾಕಿಸಿದ ಅಂತ ಹೇಳ್ತಾರೆ. ಆಮೇಲೆ ಅದು 130 ವರ್ಷಕ್ಕಿಂತ ಹೆಚ್ಚು ನಿಂತಿತು. ನೀವು ಅಲ್ಲಿ ದಡದಲ್ಲಿ ನಿಂತಾಗ ಕಾಣುದು ಬರೀ ನೀರು, ಬಾತುಕೋಳಿ, ಬಣ್ಣ ಬಳಿದ ದೋಣಿಗಳು. ಎಷ್ಟು ಸಾವಿರ ಜನ ಮೊಣಕಾಲು ತನಕ ಕೆಸರಲ್ಲಿ ನಿಂತು ತುಳಿದದ್ದು ಅದರ ಅಡಿಯಲ್ಲಿ ಉಂಟು, ಅದು ಕಾಣುದಿಲ್ಲ. ನನಗೆ ಅದೇ ದೊಡ್ಡ ವಿಷಯ ಅನ್ನಿಸುದು.

ಅಡ್ಯನಡ್ಕದವ | ಶನಿವಾರ ಮಧ್ಯಾಹ್ನ

ಗುಹೆ ಬಾಯಿಯ ವಿಷಯ ನಾನು ಹೇಳ್ತೇನೆ, ಯಾಕಂದ್ರೆ ನಮ್ಮ ಮನೆ ಹಿಂದೆಯೇ ಎರಡು ಸುರಂಗ ಉಂಟು.

ಪೇಟೆಯವರಿಗೆ ಗೊತ್ತಿಲ್ಲದಿದ್ರೆ, ಸುರಂಗ ಅಂದ್ರೆ ಗುಡ್ಡದ ಬುಡದಲ್ಲಿ ಮುರಕಲ್ಲಿಗೆ ಅಡ್ಡಕ್ಕೆ ಕೊರೆದ ಗುಹೆ, ಒಬ್ಬ ಮನುಷ್ಯ ಹೋಗುವಷ್ಟು ಅಗಲ, ಒಳಗಿಂದ ಹೊರಗೆ ಸ್ವಲ್ಪ ಇಳಿಜಾರು ಇಟ್ಟಿರ್ತಾರೆ, ಒಸರು ಸಿಕ್ಕಿದ ಮೇಲೆ ನೀರು ತನ್ನಷ್ಟಕ್ಕೆ ಹೊರಗೆ ಬರ್ತದೆ, ಪಂಪ್ ಬೇಡ, ಕರೆಂಟ್ ಬೇಡ. ನಮ್ಮ ಕಡೆಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದು ಕೊರೆದು, ಸುಮಾರು ಸಲ ನೀರು ಸಿಗದೆ ಹೋದ್ರೂ ಬಿಡದೆ, ಬೋಳು ಗುಡ್ಡದಲ್ಲಿ ಅಡಿಕೆ ತೋಟ ಮಾಡಿದವರು, 2022ರಲ್ಲಿ ಪದ್ಮಶ್ರೀ ಬಂತು.

ವರ್ಸ್ಲಿಯಲ್ಲಿ ಮಾಡಿದ್ದೂ ಮೂಲದಲ್ಲಿ ಇದೇ ವಿದ್ಯೆ. ವ್ಯತ್ಯಾಸ ಎಂತ ಅಂದ್ರೆ ನಮಗೆ ನೀರು ಬೇಕು, ಅವರಿಗೆ ನೀರು ಹೋಗ್ಬೇಕು. ಗಣಿ ಆಳ ಆದಷ್ಟೂ ನೀರು ತುಂಬ್ತದೆ, ಅದನ್ನು ಹೊರಗೆ ಹರಿಸ್ಲಿಕ್ಕೆ ಗುಡ್ಡದ ಬುಡದಿಂದ ಸುರಂಗ ಹೊಡೆಯುದು ಮೊದಲಿಂದ್ಲೂ ಇದ್ದ ಕ್ರಮ. ಅದೇ ಸುರಂಗವನ್ನು ಅಗಲ ಮಾಡಿ ಅದರಲ್ಲಿ ದೋಣಿ ಬಿಟ್ರೆ ಹೇಗೆ ಅಂತ ಯೋಚನೆ ಮಾಡಿದ್ದಾರೆ ನೋಡಿ, ಅದು ನನಗೆ ಮೇಲ್ಗಾಲುವೆಗಿಂತ ದೊಡ್ಡ ಕೆಲಸ ಅನ್ನಿಸ್ತದೆ (ಮಣಿಪಾಲದವರು ಒಪ್ಪಲಿಕ್ಕಿಲ್ಲ). ಗಣಿ ಒಣಗಿತು, ಕಾಲುವೆಗೆ ನೀರಾಯ್ತು, ಕಲ್ಲಿದ್ದಲು ಕಡಿದ ಜಾಗದಲ್ಲೇ ದೋಣಿಗೆ ತುಂಬಿಸಿದ್ದನ್ನು ಮ್ಯಾಂಚೆಸ್ಟರ್ ತನಕ ಇಳಿಸ್ಲಿಕ್ಕೇ ಇಲ್ಲ.

ಹಾಗೆ ಕೊರೀತಾ ಕೊರೀತಾ ಬೇರೆ ಬೇರೆ ಆಳದ ನಾಲ್ಕು ಮಟ್ಟದಲ್ಲಿ ಒಟ್ಟು 46 ಮೈಲಿ ನೆಲದಡಿ ಕಾಲುವೆ ಆಯ್ತು, ಅಂದ್ರೆ 74 ಕಿಲೋಮೀಟರ್. ಮಂಗಳೂರಿಂದ ಹೊರಟು ಉಡುಪಿ ಕಳೆದು ಬ್ರಹ್ಮಾವರ ಮುಟ್ಟುವಷ್ಟು ದೂರ, ಪೂರ್ತಿ ಕತ್ತಲೆಯಲ್ಲಿ. ಒಂದು ಮಟ್ಟದಿಂದ ಇನ್ನೊಂದಕ್ಕೆ ದೋಣಿ ಇಳಿಸ್ಲಿಕ್ಕೆ ನೆಲದೊಳಗೇ ಇಳಿಜಾರು ಹಳಿ ಮಾಡಿದ್ರು, 1797ರಲ್ಲಿ ಮುಗ್ದದ್ದು. ಒಳಗೆ ಹೋಗುವ ದೋಣಿ ಸಪೂರ, ಪಕ್ಕೆಲುಬಿನ ಹಾಗೆ ಒಳಗಿನ ಮರ ಎದ್ದು ಕಾಣ್ತದೆ, ಊಟ ಇಲ್ಲದೆ ಸೊರಗಿದವನ ಹಾಗೆ, ಅದಕ್ಕೇ ಅದನ್ನು ಸ್ಟಾರ್ವೇಷನರ್ ಅಂತ ಕರೀತಾರೆ. 1887ರ ತನಕ ಒಳಗೆ ದೋಣಿ ಓಡಾಡಿದ್ದುಂಟು. ಈಗ ಒಳಗೆ ಬಿಡುದಿಲ್ಲ, ಹೊರಗೆ ನಿಂತು ನೋಡ್ಬೇಕು.

ಬಣ್ಣ ಕೆಂಪು ಯಾಕಂದ್ರೆ ಕಬ್ಬಿಣ. ಗಣಿಯ ಕಲ್ಲಿನಲ್ಲಿರುವ ಕಬ್ಬಿಣದ ಅಂಶ ನೀರಲ್ಲಿ ಕರಗಿ ಬರ್ತದೆ, ಹೊರಗೆ ಗಾಳಿ ತಾಗಿದ ಮೇಲೆ ತುಕ್ಕಾಗಿ ತಳಕ್ಕೆ ಕೂರ್ತದೆ. ನಮ್ಮಲ್ಲಿ ಕೆಲವು ಬಾವಿ ನೀರು ರಾತ್ರಿ ಕೊಡಪಾನದಲ್ಲಿಟ್ಟು ಬೆಳಿಗ್ಗೆ ನೋಡಿದ್ರೆ ಬುಡದಲ್ಲಿ ಕೆಂಪು ಕೂತಿರ್ತದಲ್ಲ, ಅದೇ. ಗಣಿ ನಿಂತು ಎಷ್ಟೋ ವರ್ಷ ಆಯ್ತು, ಗುಡ್ಡ ಇನ್ನೂ ತುಕ್ಕು ಕಾರ್ತಾ ಉಂಟು.

ಕುಂದಾಪ್ರ_ಮಾಷ್ಟ್ರು | ಶನಿವಾರ ಸಂಜೆ

ಒಂದು ಸಣ್ಣ ತಿದ್ದುಪಡಿ ಹಾಕ್ತೆ, ಹೋದಲ್ಲಿ "ಇದೇ ಮೊದಲ ಕಾಲುವೆ" ಅಂತ ಯಾರಾದ್ರೂ ಹೇಳಿದ್ರೆ ಪೂರ್ತಿ ನಂಬುದು ಬೇಡ. ಐರ್ಲೆಂಡಿನ ನ್ಯೂರಿ ಕಾಲುವೆ 1742ರದ್ದು, ಇಂಗ್ಲೆಂಡಿನಲ್ಲೇ ಸ್ಯಾಂಕಿ ಕಾಲುವೆ 1757ಕ್ಕೆ ಓಡ್ಲಿಕ್ಕೆ ಸುರು ಆಗಿತ್ತು. ಡ್ಯೂಕ್ ನೋಡಿ ಬಂದ ಕನಾಲ್ ದು ಮಿದಿ 1681ರದ್ದು, 240 ಕಿಲೋಮೀಟರ್, ಅದನ್ನು ಕಟ್ಟಿಸಿದ ರಿಕೆ ಅನ್ನುವವರಿಗೆ ಕೆಲಸ ಮುಗಿಯುದು ನೋಡ್ಲಿಕ್ಕೆ ಸಿಗ್ಲಿಲ್ಲ, ಕೆಲವೇ ತಿಂಗಳ ಮೊದಲು ತೀರಿಕೊಂಡ್ರು. ಬ್ರಿಜ್‌ವಾಟರ್‌ನ ಹೆಚ್ಚುಗಾರಿಕೆ ಎಂತ ಅಂದ್ರೆ ಅದು ಯಾವ ಹೊಳೆ ತೋಡಿನ ಹಿಂದೆಯೂ ಹೋಗ್ಲಿಲ್ಲ, ಭೂಮಿಯ ಒಂದೇ ಮಟ್ಟ ಹಿಡಿದು ತನ್ನದೇ ದಾರಿ ಮಾಡಿತು. ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕೆ ಬಂತು, ಅದನ್ನು ನೋಡಿದ ಮೇಲೆ ದೇಶ ಇಡೀ ಕಾಲುವೆ ತೋಡ್ಲಿಕ್ಕೆ ದುಡ್ಡು ಹಾಕಿದ್ರು. ಅದಕ್ಕೆ ಜನ ಇದನ್ನೇ ಮೊದಲು ಅಂತ ನೆನಪಿಟ್ಟದ್ದು.

ಹೊಯ್ಗೆಬಜಾರ್ | ಶನಿವಾರ ರಾತ್ರಿ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಮಣಿಪಾಲ ಸರ್ ಬರ್ದದ್ದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಮಣ್ಣು ತುಳಿಯುದು ಅಂದಾಗ ಅಮ್ಮ "ಹಂಚಿಗೂ ಮಣ್ಣು ಹಾಗೇ ಹದ ಆಗ್ಬೇಕು, ನೀರು ಹಾಕಿ ಹಾಗೇ ಬಿಡ್ತಿದ್ರು, ಒಂದು ಸಣ್ಣ ಕಲ್ಲು ಉಳಿದ್ರೂ ಸುಡುವಾಗ ಹಂಚು ಒಡೀತಿತ್ತು" ಅಂತ ಹೇಳಿದ್ರು. ಇಷ್ಟು ವರ್ಷದಲ್ಲಿ ಅಮ್ಮ ಕಾರ್ಖಾನೆ ವಿಷಯ ಇಷ್ಟು ಹೇಳಿದ್ದೇ ಇಲ್ಲ, ನಾನು ಕೇಳಿದ್ದೂ ಇಲ್ಲ.

ಇನ್ನೊಂದು ಸಂಶಯ. ಹುಡುಗ ಬಾರ್ಟನ್‌ಗೆ ಹೋಗಿ ಬಂದನಂತೆ, ಅಲ್ಲಿ ಕಲ್ಲಿನ ಕಮಾನು ಇಲ್ಲ, ಕಬ್ಬಿಣದ ದೊಡ್ಡ ಸೇತುವೆ ಉಂಟು ಅಂತ ಹೇಳ್ತಾನೆ. ಹಾಗಾದ್ರೆ ಅಷ್ಟು ಹೆಸರಿನ ಮೇಲ್ಗಾಲುವೆಯನ್ನು ಅವರೇ ಒಡೆದು ಹಾಕಿದ್ರಾ?

ಪಣಂಬೂರು_ಡಾಕ್ | ಆದಿತ್ಯವಾರ ಬೆಳಿಗ್ಗೆ

ಹೌದು, 1893ರಲ್ಲಿ ಒಡೆದ್ರು. ನಾನು ಬಂದರಿನಲ್ಲಿ ಕೆಲಸ ಮಾಡುವವ, ಹಾಗಾಗಿ ಈ ಭಾಗ ನನಗೆ ಇಷ್ಟ.

ಮ್ಯಾಂಚೆಸ್ಟರ್‌ನವರಿಗೆ ಸಮುದ್ರದ ಹಡಗು ನೇರ ಊರಿಗೇ ಬರ್ಬೇಕು ಅಂತ ಆಯ್ತು, ಲಿವರ್‌ಪೂಲ್ ಬಂದರಿಗೆ ಸುಂಕ ಕಟ್ಟಿ ಕಟ್ಟಿ ಸಾಕಾಗಿತ್ತು. ಹಾಗೆ 58 ಕಿಲೋಮೀಟರ್ ಉದ್ದದ ಮ್ಯಾಂಚೆಸ್ಟರ್ ಶಿಪ್ ಕೆನಾಲ್ ತೋಡಿದ್ರು, 1894ರಲ್ಲಿ ಸುರು ಆಯ್ತು. ಅದು ಬಾರ್ಟನ್ ಹತ್ರ ಇರ್ವೆಲ್ ನದಿಯ ಪಾತ್ರದಲ್ಲೇ ಹೋಗುದು. ಬ್ರಿಂಡ್ಲಿಯ ಕಮಾನಿನ ಅಡಿಯಲ್ಲಿ ಸಣ್ಣ ದೋಣಿ ಹೋಗ್ತಿತ್ತು, ಹಡಗು ಹೇಗೆ ಹೋಗುದು? ಕಾಲುವೆಯನ್ನೂ ನಿಲ್ಲಿಸ್ಲಿಕ್ಕಾಗುದಿಲ್ಲ, ಕಲ್ಲಿದ್ದಲು ಬರ್ತಾ ಇದ್ದದ್ದೇ ಅದರಲ್ಲಿ.

ಎಡ್ವರ್ಡ್ ಲೀಡರ್ ವಿಲಿಯಮ್ಸ್ ಅಂತ ಇಂಜಿನಿಯರ್ ಎಂತ ಮಾಡಿದ ಅಂದ್ರೆ, ಕಬ್ಬಿಣದ ತೊಟ್ಟಿ ಮಾಡಿ ಅದನ್ನು ಹೊಳೆ ಮಧ್ಯದ ದಿಬ್ಬದ ಮೇಲೆ ಬಾಗಿಲಿನ ಹಾಗೆ ತಿರುಗುವಂತೆ ಕೂರಿಸಿದ. ಹಡಗು ಬಂದಾಗ ತೊಟ್ಟಿಯ ಎರಡೂ ತುದಿಗೆ ಗೇಟು ಹಾಕುದು, ಕಾಲುವೆಯ ಎರಡು ತುದಿಗೂ ಗೇಟು ಹಾಕುದು, ಆಮೇಲೆ ಇಡೀ ತೊಟ್ಟಿ ಒಳಗಿನ ನೀರು ಸಮೇತ ತಿರುಗಿ ಹಡಗಿಗೆ ದಾರಿ ಬಿಡ್ತದೆ. ತೂಕ 1450 ಟನ್, ಅದರಲ್ಲಿ 800 ಟನ್ ಬರೀ ನೀರು. ನೀರು ಖಾಲಿ ಮಾಡಿ ತಿರುಗಿಸ್ಬಹುದಿತ್ತಲ್ಲ ಅಂತ ಕೇಳ್ಬಹುದು, ಪ್ರತೀ ಸಲ ಅಷ್ಟು ನೀರು ಚೆಲ್ಲಿದ್ರೆ ಮೇಲಿನ ಕಾಲುವೆಗೆ ಅದನ್ನು ಎಲ್ಲಿಂದ ತರುದು? ಮತ್ತೆ ದೋಣಿ ತೇಲಿದ್ರೆ ಅದರ ತೂಕದಷ್ಟೇ ನೀರು ಸರಿದು ಆಚೆ ಹೋಗ್ತದೆ, ಹಾಗಾಗಿ ತೊಟ್ಟಿಯಲ್ಲಿ ದೋಣಿ ಇದ್ರೂ ಇಲ್ಲದಿದ್ರೂ ಭಾರ ಒಂದೇ. ಪ್ರಪಂಚದಲ್ಲಿ ಈ ತರದ್ದು ಇದೊಂದೇ ಉಂಟು, ಇವತ್ತಿಗೂ ತಿರುಗ್ತದೆ. ನಿಮ್ಮ ಅದೃಷ್ಟಕ್ಕೆ ಹಡಗು ಬಂದ್ರೆ ನೋಡ್ಲಿಕ್ಕೆ ಸಿಗ್ಬಹುದು. ಹಳೇ ಕಲ್ಲು ಕಮಾನು ಒಡೆದದ್ದು ನನಗೂ ಬೇಜಾರೇ, ಅದನ್ನು ಸರಿ ಅಂತ ಹೇಳುದಿಲ್ಲ, ಆದ್ರೆ ಒಡೆದ ಜಾಗದಲ್ಲಿ ಅದಕ್ಕೆ ಸಮನಾದದ್ದನ್ನೇ ಕಟ್ಟಿದ್ದಾರೆ.

ಮ್ಯಾಂಚೆಸ್ಟರ್ ಪೇಟೆಯಲ್ಲಿ ಕ್ಯಾಸಲ್‌ಫೀಲ್ಡ್ ಬಿಡ್ಬೇಡಿ. ಕಾಲುವೆ ಅಲ್ಲಿ ಬಂದು ಮುಗೀತದೆ, ರಸ್ತೆ ಮೇಲೆ, ನೀರು ಕೆಳಗೆ. ಕಲ್ಲಿದ್ದಲನ್ನು ಮರದ ಪೆಟ್ಟಿಗೆಗಳಲ್ಲೇ ತುಂಬಿಸಿ ದೋಣಿಯಲ್ಲಿ ತರ್ತಾ ಇದ್ರು, ನೀರಿನ ಚಕ್ರದಿಂದ ತಿರುಗುವ ರಾಟೆಯಲ್ಲಿ ಪೆಟ್ಟಿಗೆ ಸಮೇತ ಮೇಲೆ ಎತ್ತುದು. ನಾವು ದಿನಾ ಕ್ರೇನಲ್ಲಿ ಎತ್ತುವ ಕಂಟೈನರಿನ ಅಜ್ಜ ಅದು. ಅಲ್ಲಿಂದ ನಡೆದು ಹೋಗುವಷ್ಟು ಹತ್ರ ಲಿವರ್‌ಪೂಲ್ ರೋಡ್ ಸ್ಟೇಷನ್ ಉಂಟು, 1830ರ ರೈಲಿನದ್ದು.

ಹೆಬ್ರಿ_ಗದ್ದೆ | ಆದಿತ್ಯವಾರ ಮಧ್ಯಾಹ್ನ

ಇಲ್ಲಿ ಯಾರೂ ಹೇಳದ್ದು ಒಂದು ಉಂಟು, ನಾನು ಮಗಳ ಮನೆಗೆ ಹೋದಾಗ ನೋಡಿದ್ದು, ಅವಳಿರುದು ಸೇಲ್ ಅಂತ ಊರಲ್ಲಿ, ಕಾಲುವೆ ಮನೆ ಹಿಂದೆಯೇ ಹೋಗ್ತದೆ. ದಡದಲ್ಲಿ ನಡೀತಾ ಹೋಗುವಾಗ ಅಲ್ಲಲ್ಲಿ ಮರದ ಸಣ್ಣ ಕ್ರೇನ್ ನಿಂತಿರ್ತದೆ, ಪಕ್ಕದಲ್ಲಿ ದಪ್ಪ ದಪ್ಪ ಹಲಗೆ ರಾಶಿ. ನನಗೆ ನೋಡಿದ ಕೂಡ್ಲೇ ಗೊತ್ತಾಯ್ತು, ಇದು ನಮ್ಮ ಕಿಂಡಿ ಅಣೆಕಟ್ಟಿನ ಹಲಗೆ! ಕಾಲುವೆಯ ಎರಡೂ ಬದಿ ಕಲ್ಲಿನಲ್ಲಿ ಹಲಗೆ ಕೂರ್ಲಿಕ್ಕೆ ಸೀಳು ಕೊರೆದಿದ್ದಾರೆ, ಎಲ್ಲಾದ್ರೂ ದಂಡೆ ಒಡೆದ್ರೆ ಹಲಗೆ ಒಂದರ ಮೇಲೊಂದು ಇಳಿಸಿ ಆ ತುಂಡನ್ನು ಮಾತ್ರ ಬೇರೆ ಮಾಡ್ಲಿಕ್ಕೆ.

ನಾವು ಮಾಡುದೂ ಅದೇ ಅಲ್ವಾ. ಮಳೆ ಹೋದ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ, ಊರಿನವರೆಲ್ಲ ಸೇರಿ ಕಿಂಡಿಗೆ ಎರಡು ಸಾಲು ಹಲಗೆ ಹಾಕಿ ನಡುವೆ ಮಣ್ಣು ತುಂಬಿಸಿ ತುಳಿಯುದು, ಮಳೆಗಾಲಕ್ಕೆ ಮೊದಲು ತೆಗೆಯುದು. ಆ ನಡುವಿನ ಮಣ್ಣು ಸರಿ ತುಳಿಯದಿದ್ರೆ ಒಂದು ವಾರದಲ್ಲಿ ನೀರು ಖಾಲಿ, ಇದು ನಮ್ಮ ಊರಲ್ಲಿ ಮಕ್ಕಳಿಗೂ ಗೊತ್ತುಂಟು. ಈಗ ಕೆಲವು ಕಡೆ ಫೈಬರ್ ಹಲಗೆ ಬಂದಿದೆ, ತುಳಿಯುವ ಕೆಲಸ ಕಮ್ಮಿ ಆಗಿದೆ, ತುಳೀಲಿಕ್ಕೆ ಜನವೂ ಇಲ್ಲ.

ಈ ಕಾಲುವೆ ಸುಮಾರು 65 ಕಿಲೋಮೀಟರ್ ಉದ್ದ ಒಂದೇ ಮಟ್ಟದಲ್ಲಿ ಉಂಟು, ಲಾಕ್ ಇಲ್ಲ. 1776ರಲ್ಲಿ ರನ್‌ಕಾರ್ನ್ ತನಕ ಮುಟ್ಟಿತು, ಅಲ್ಲಿ ಮಾತ್ರ ಮರ್ಸಿ ನದಿಗೆ ಇಳೀಲಿಕ್ಕೆ 10 ಲಾಕ್ ಇತ್ತು, ಅದನ್ನು 1960ರ ದಶಕದಲ್ಲಿ ಮುಚ್ಚಿದ್ರು. ಒಂದೇ ಮಟ್ಟ ಅಂದ್ರೆ ಓಡಾಟಕ್ಕೆ ಸುಖ, ಆದ್ರೆ ಎಲ್ಲಾದ್ರೂ ಒಂದು ಕಡೆ ತೂತಾದ್ರೆ ಇಡೀ ಕಾಲುವೆ ಅಲ್ಲಿಂದಲೇ ಇಳಿದು ಹೋಗ್ತದೆ. ಅದಕ್ಕೆ ಈ ಹಲಗೆ. 1971ರಲ್ಲಿ ಬಾಲಿನ್ ಹೊಳೆ ದಾಟುವಲ್ಲಿ ಒಡೆದಿತ್ತು. 2025 ಜನವರಿ 1ಕ್ಕೆ ಜೋರು ಮಳೆ ಬಂದು ಡನಮ್ ಮಾಸಿ ಹತ್ರ ದಂಡೆಯೇ ಕುಸಿದು, ಅಷ್ಟು ಎತ್ತರದ ಏರಿ ನಡುವೆ ದೊಡ್ಡ ಕಂದರ ಆಯ್ತು, ನೀರೆಲ್ಲ ಕೆಳಗಿನ ಹೊಲಗಳಿಗೆ. ಮಗಳು ವಿಡಿಯೋ ಕಳಿಸಿದ್ದಳು, ನೋಡಿ ನನಗೆ ನಮ್ಮ 1974ರ ನೆರೆ ನೆನಪಾಯ್ತು. ದೋಣಿಯಲ್ಲೇ ಮನೆ ಮಾಡಿಕೊಂಡವರು ಅಲ್ಲಿ ಸುಮಾರು ಜನ, ನೀರು ಇಳಿದಲ್ಲಿ ದೋಣಿ ಕೆಸರಲ್ಲಿ ಕೂತುಬಿಟ್ಟಿತು.

ಹೋಗುವ ಮೊದಲು ಯಾವ ಭಾಗದಲ್ಲಿ ದಡ ತೆರೆದಿದೆ ಅಂತ ಹುಡುಗನ ಹತ್ರ ವಿಚಾರಿಸಿ ಹೋಗಿ. ಮತ್ತೆ ಹಲಗೆ ಕ್ರೇನ್ ಹತ್ರ ಒಂದು ಐದು ನಿಮಿಷ ನಿಲ್ಲಿ. ಯಾರೂ ಅದರ ಫೋಟೋ ತೆಗೆಯುದಿಲ್ಲ.

ಗುರುಪುರ_ಹೊಳೆಕರೆ | ಆದಿತ್ಯವಾರ ರಾತ್ರಿ

ನಾನು ಈ ಥ್ರೆಡ್ ಎರಡು ದಿವಸದಿಂದ ಓದ್ತಾ ಇದ್ದೆ, ಬರೆಯುದೋ ಬೇಡವೋ ಅಂತ. ಹೊಯ್ಗೆಬಜಾರ್ ಅಣ್ಣ, ನಿಮ್ಮ ಅಜ್ಜ ಮಣ್ಣು ತುಂಬಿಸ್ತಾ ಇದ್ದದ್ದು ನಮ್ಮ ಮನೆ ಎದುರಿನ ಕಡವಿನಲ್ಲೇ ಇರ್ಬಹುದು, ಯಾಕಂದ್ರೆ ನಮ್ಮ ದೊಡ್ಡಪ್ಪನದ್ದೂ ಅದೇ ಕೆಲಸ. ಮಂಗಳೂರು ಹಂಚು ಅಂತ ಜನ ಹೇಳ್ತಾರೆ, 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ್ದು ಹೇಳ್ತಾರೆ, ಹಂಚು ಮಂಜಿಯಲ್ಲಿ ಎಲ್ಲೆಲ್ಲಿಗೋ ಹೋದದ್ದು ಹೇಳ್ತಾರೆ, ಆದ್ರೆ ಆ ಮಣ್ಣು ಕಾರ್ಖಾನೆಗೆ ಹೇಗೆ ಬಂತು ಅಂತ ಯಾರೂ ಕೇಳುದಿಲ್ಲ. ಎರಡು ಹೊಳೆಯ ಕರೆಯ ಮಣ್ಣು, ದೋಣಿ, ದೋಣಿಯವರ ಹೆಗಲು.

ನಮ್ಮ ಮನೆ ಹತ್ರ ಇದ್ದ ಹಂಚಿನ ಕಾರ್ಖಾನೆ ಈಗ ಇಲ್ಲ, ಜಾಗ ಮಾರಿ ಆಯ್ತು, ಚಿಮಿಣಿ ಒಂದಾದ್ರೂ ಇಡಿ ಅಂತ ನಾವು ಕೆಲವರು ಹೋಗಿ ಕೇಳಿದ್ದೆವು, ಆಯ್ತು ನೋಡುವ ಅಂದ್ರು, ಒಂದು ಬೆಳಿಗ್ಗೆ ನೋಡುವಾಗ ಜೆಸಿಬಿ ಬಂದು ಇಟ್ಟಿಗೆ ರಾಶಿ ಆಗಿತ್ತು. ನಾನು ಆ ದಿನ ಫೋಟೋ ತೆಗೀಲಿಲ್ಲ, ಮನಸ್ಸಾಗ್ಲಿಲ್ಲ, ಈಗ ತೆಗೀಬೇಕಿತ್ತು ಅನ್ನಿಸ್ತದೆ.

ಅಡ್ಯನಡ್ಕದವರು ಹೇಳಿದ ಆ ಸಪೂರ ದೋಣಿಯನ್ನು ಅಲ್ಲಿಯ ಜನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ನೆಟ್ಟಲ್ಲಿ ಹುಡುಕಿ ನೋಡಿದೆ. ನಮ್ಮ ದೊಡ್ಡಪ್ಪನ ಮಣ್ಣಿನ ದೋಣಿ ಇನ್ನೂ ಉಂಟು, ತೆಂಗಿನ ತೋಟದ ಶೆಡ್ಡಲ್ಲಿ ಕವುಚಿ ಹಾಕಿದ್ದಾರೆ. ಒಂದು ಬದಿ ಗೆದ್ದಲು ಹಿಡ್ದಿದೆ, ಇನ್ನೊಂದು ಬದಿ ಗಟ್ಟಿ ಉಂಟು, ಹಲಗೆ ಹಲಗೆ ಸೇರಿಸಿ ಕತ್ತದ ಹುರಿಯಲ್ಲಿ ಹೊಲಿದದ್ದು ಕಾಣ್ತದೆ. ದೊಡ್ಡಪ್ಪನಿಗೆ 84 ವರ್ಷ, ನೆನಪು ಚೆನ್ನಾಗುಂಟು, ಯಾವ ಭಾಗಕ್ಕೆ ಎಂತ ಹೆಸರು ಅಂತ ತುಳುವಲ್ಲಿ ಎಲ್ಲ ಹೇಳ್ತಾರೆ, ಆದ್ರೆ ಬರ್ಕೊಳ್ಳುವವರು ಬೇಕು. ನೀವು ಇಂಗ್ಲೆಂಡಿಗೆ ಹೋಗುವ ಮೊದಲು ಒಮ್ಮೆ ಇಲ್ಲಿಗೆ ಬರ್ತೀರಾ?

ಮಣಿಪಾಲ_ಸಿವಿಲ್ | ಆದಿತ್ಯವಾರ ರಾತ್ರಿ

ನಾನೂ ಬರ್ತೇನೆ, ನನ್ನನ್ನು ಬಿಟ್ಟು ಅಳತೆ ತೆಗೀಬೇಡಿ. ದೋಣಿ ಕವುಚಿಯೇ ಇರ್ಲಿ, ಎತ್ತಿ ತಿರುಗಿಸ್ಲಿಕ್ಕೆ ಹೋದ್ರೆ ಗೆದ್ದಲು ಹಿಡ್ದ ಬದಿ ಉದುರಿ ಹೋಗ್ತದೆ. ಉದ್ದ, ನಡುವಿನ ಅಗಲ, ಆಳ, ಪ್ರತೀ ಒಂದು ಅಡಿಗೆ ಅಡ್ಡ ಅಳತೆ, ಹಲಗೆಯ ದಪ್ಪ, ಹೊಲಿಗೆಯ ತೂತಿನ ಅಂತರ, ಇಷ್ಟು ಸಿಕ್ಕಿದ್ರೆ ಡ್ರಾಯಿಂಗ್ ನಾನು ಮಾಡಿ ಕೊಡ್ತೇನೆ. ಯಾವ ಮರ ಅಂತ ದೊಡ್ಡಪ್ಪನ ಹತ್ರ ಮೊದಲೇ ಕೇಳಿಡಿ.

ಹೊಯ್ಗೆಬಜಾರ್ | ಸೋಮವಾರ ಬೆಳಿಗ್ಗೆ

ಗುರುಪುರದವರೇ, ನಿಮ್ಮ ಮೆಸೇಜ್ ಅಮ್ಮನಿಗೆ ತೋರಿಸಿದೆ. ಕಡವಿನ ಹೆಸರು ಕೇಳಿದ್ರು, ನಿಮ್ಮ ದೊಡ್ಡಪ್ಪನ ಮನೆಯಲ್ಲಿ ಹಿಂದೆ ದೊಡ್ಡ ಹಲಸಿನ ಮರ ಇತ್ತಾ ಅಂತ ಕೇಳಿದ್ರು. ಇದ್ರೆ ಆ ಮನೆಗೆ ಅವರು ಸಣ್ಣವರಿರುವಾಗ ಅಜ್ಜನ ಒಟ್ಟಿಗೆ ದೋಣಿಯಲ್ಲಿ ಬಂದಿದ್ದಾರಂತೆ, ಒಂದು ಹಲಸಿನ ಹಣ್ಣು ಕೊಟ್ಟಿದ್ರಂತೆ, ಮಣ್ಣಿನ ರಾಶಿ ಮೇಲೆ ಕೂತು ತಿಂತಾ ಬಂದದ್ದು.

ಈ ಆದಿತ್ಯವಾರ ಬೆಳಿಗ್ಗೆ ಅಂಗಡಿ ಬಂದ್ ಮಾಡಿ ಬರ್ತೇನೆ. ಅಮ್ಮನನ್ನೂ ಕರ್ಕೊಂಡು ಬರ್ತೇನೆ, ಅವರಿಗೆ ಗಂಟು ನೋವು ಉಂಟು, ಕಾರು ಶೆಡ್ಡಿನ ಹತ್ರ ತನಕ ಬರ್ತದಾ ಹೇಳಿ. ಟೇಪು ನಾನು ತರ್ತೇನೆ, 30 ಮೀಟರಿನದ್ದು ಉಂಟು.